ಶೂಟಿಂಗ್‌ಗೆ ಮೊದಲು ಎರಡು ನಿಮಿಷದ ಸಿನಿಮಾ: ಉತ್ತರ ಕನ್ನಡದಲ್ಲಿ ಕ್ಯಾಮೆರಾದಿಂದ ಡಿಸಿಪಿವರೆಗೆ

ಶೂಟಿಂಗ್ ಮುಗಿದು ಹಾರ್ಡ್ ಡಿಸ್ಕಿನಲ್ಲೇ ಕೂತ ಸಿನಿಮಾಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಕಾರವಾರ, ಕುಮಟಾ, ಶಿರಸಿ ಎಲ್ಲೇ ಹೋಗಿ, ಕಿರುಚಿತ್ರ ಮಾಡಲು ಹೊರಟವರು ಮೊದಲು ಕೇಳುವುದು ಯಾವ ಕ್ಯಾಮೆರಾ ಒಳ್ಳೆಯದು ಅಂತ. ಆದರೆ ಕ್ಯಾಮೆರಾ ಸರಿಯಿಲ್ಲ ಅಂತ ನಿಂತುಹೋದ ಸಿನಿಮಾ ತೀರಾ ಕಡಿಮೆ. ಫುಟೇಜ್ ಲ್ಯಾಪ್‌ಟಾಪಿನಲ್ಲಿ ಓಡುವುದಿಲ್ಲ, ಮಾತು ಕೇಳಿಸುವುದಿಲ್ಲ, ಇದ್ದ ಒಂದೇ ಡಿಸ್ಕ್ ಕೈಕೊಡುತ್ತದೆ, ಥಿಯೇಟರಿನವರು ಕೇಳಿದ ಫೈಲನ್ನು ಮಾಡುವುದು ಹೇಗೆ ಅಂತ ತಂಡದಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ನಿಲ್ಲುವುದು ಅಲ್ಲಿ.

ಹಾಗಾಗಿ ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ. ನಿಜವಾದ ಶೂಟಿಂಗ್‌ಗೆ ಮೊದಲು ಎರಡು ನಿಮಿಷದ ಒಂದು ಸಿನಿಮಾ ಮಾಡಿ. ಅದೇ ಕ್ಯಾಮೆರಾ, ಅದೇ ಮೈಕ್, ಅದೇ ಕಂಪ್ಯೂಟರ್. ಎಡಿಟ್, ಕಲರ್, ಮಿಕ್ಸಿಂಗ್, ಡಿಸಿಪಿ (ಥಿಯೇಟರಿನ ಪ್ರೊಜೆಕ್ಟರ್ ಓಡಿಸುವ ಡಿಜಿಟಲ್ ಪ್ರತಿ) ಎಲ್ಲ ಮುಗಿಸಿ ಒಂದು ಪರದೆಯ ಮೇಲೆ ಹಾಕಿ ನೋಡಿ. ಕೆಳಗಿನ ಪ್ರತಿ ಹೆಜ್ಜೆಯನ್ನೂ ಮೊದಲು ಆ ಎರಡು ನಿಮಿಷಕ್ಕೆ, ಆಮೇಲೆ ನಿಮ್ಮ ಸಿನಿಮಾಕ್ಕೆ ಮಾಡಬೇಕು.

ಉದಾಹರಣೆಗೆ ಒಂದು 20 ನಿಮಿಷದ ಕಿರುಚಿತ್ರ ಅಂದುಕೊಳ್ಳೋಣ. ಶಿರಸಿ ಕಡೆ ಅಡಿಕೆ ತೋಟದಲ್ಲಿ ಹಗಲಿನ ದೃಶ್ಯ, ತದಡಿ ಬಂದರಿನಲ್ಲಿ ದೋಣಿಗಳು, ಒಂದು ರಾತ್ರಿ ಯಕ್ಷಗಾನ.

1. ಕೊನೆಯಿಂದ ಶುರು ಮಾಡಿ

ಸಿನಿಮಾ ಎಲ್ಲಿ ತೋರಿಸುತ್ತೀರಿ? ಥಿಯೇಟರ್ ಅಥವಾ ಫೆಸ್ಟಿವಲ್ ಅಂದರೆ ಡಿಸಿಪಿ ಬೇಕು. ಕಾರವಾರದವರಿಗೆ ಪಣಜಿ ನೂರು ಕಿಲೋಮೀಟರ್ ಆಸುಪಾಸು, 2004ರಿಂದ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ ಇಫಿ ಅಲ್ಲೇ ನಡೆಯುತ್ತಿದೆ. ಹಾಗಾಗಿ ದೊಡ್ಡ ಪರದೆಯ ಆಸೆ ನಮಗೆ ದೂರದ್ದಲ್ಲ.

2ಕೆ ಡಿಸಿಪಿಯಲ್ಲಿ ಎರಡು ಆಕಾರ ಬಳಕೆಯಲ್ಲಿವೆ. ಫ್ಲ್ಯಾಟ್ ಅಂದರೆ 1998 × 1080, ಸ್ಕೋಪ್ ಅಂದರೆ 2048 × 858. ನೋಡಿ, ಇದು ಫುಲ್ ಎಚ್‌ಡಿಗಿಂತ ಕೂದಲೆಳೆ ಜಾಸ್ತಿ ಅಷ್ಟೇ. 4ಕೆ ಕ್ಯಾಮೆರಾ ಇದ್ದರೆ ಧಾರಾಳ ಆಯಿತು. 6ಕೆ, 8ಕೆ ಬೇಕು ಅಂತ ಸಾಲ ಮಾಡಬೇಡಿ.

ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು, 24 ಇಡಿ. ಡಿಸಿಪಿಗೆ ಎಲ್ಲ ಕಡೆ ಓಡುವುದು ಅದೇ. ಇನ್ನೊಂದು ವಿಷಯ ಇಲ್ಲೇ ತೀರ್ಮಾನ ಆಗಬೇಕು: ನಮ್ಮ ಕರೆಂಟು 50 ಹರ್ಟ್ಸ್. 24 ಫ್ರೇಮಿಗೆ ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 180 ಡಿಗ್ರಿ ಇಟ್ಟರೆ ಅದು ಸೆಕೆಂಡಿನ 48ನೇ ಒಂದು ಭಾಗ ಆಗುತ್ತದೆ, ಟ್ಯೂಬ್‌ಲೈಟ್ ಕೆಳಗೆ ಮಿಣುಕು ಬರುವ ಸಾಧ್ಯತೆ ಇದೆ. 172.8 ಡಿಗ್ರಿ ಇಡಿ, ಅಥವಾ ಶಟರ್ ಸ್ಪೀಡ್ 1/50. ಮಿಣುಕು ಹೋಗುತ್ತದೆ. ಅಗ್ಗದ ಎಲ್‌ಇಡಿ ಬಲ್ಬು ಮಾತ್ರ ಇದಕ್ಕೂ ಬಗ್ಗದೆ ಇರಬಹುದು. ಮನೆಯೊಳಗಿನ ಬಲ್ಬುಗಳನ್ನು ಮೊದಲೇ ಉರಿಸಿ ರೆಕಾರ್ಡ್ ಮಾಡಿ ನೋಡಿ, ಬೇಡವಾದ್ದನ್ನು ಬದಲಾಯಿಸಿ.

2. ಅನುಮತಿ

ಇದನ್ನು ಮುಂದೂಡಬೇಡಿ. ಕಾರವಾರದ ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಒಳನಾಡಿನಲ್ಲಿ ಕೈಗಾ ಅಣುಸ್ಥಾವರ ಇದೆ. ಡ್ರೋನ್ ಹಾರಿಸುವ ಮೊದಲು ಸರ್ಕಾರದ ವಾಯುಪ್ರದೇಶ ನಕ್ಷೆಯಲ್ಲಿ ಆ ಜಾಗ ಹಸಿರೋ, ಹಳದಿಯೋ, ಕೆಂಪೋ ನೋಡಲೇಬೇಕು. 2021ರ ಡ್ರೋನ್ ನಿಯಮದ ಪ್ರಕಾರ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. 250 ಗ್ರಾಂ ಒಳಗಿನ ಸಣ್ಣ ಡ್ರೋನ್ ಅಂತ ಅಲ್ಲಿ ವಿನಾಯಿತಿ ಸಿಗುವುದಿಲ್ಲ. ಸುಮ್ನೆ ಒಂದು ಕಡಲತೀರದ ಶಾಟ್‌ಗಾಗಿ ಇಡೀ ತಂಡವನ್ನು ತೊಂದರೆಗೆ ಹಾಕಬೇಡಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶ ಮತ್ತು ಉಳಿದ ಕಾಡಿಗೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಯಕ್ಷಗಾನ ಮೇಳದವರನ್ನು, ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಕಲಾವಿದರನ್ನು ಮೊದಲೇ ಕೇಳಿ. ದೋಣಿಯ ಮಾಲೀಕರನ್ನೂ ಅಷ್ಟೇ.

3. ಈಗ ಕ್ಯಾಮೆರಾ

ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ ಸಿನಿಮಾ ಕ್ಯಾಮೆರಾ 4ಕೆ 2018ರಲ್ಲಿ ಬಂತು. ಇವತ್ತಿಗೂ ಕಡಿಮೆ ದುಡ್ಡಿಗೆ ರಾ ಫುಟೇಜ್ (ಆಮೇಲೆ ಬೆಳಕು, ಬಣ್ಣ ತಿದ್ದಲು ಹೆಚ್ಚು ಅವಕಾಶ ಇರುವ ಫೈಲ್) ಬೇಕಾದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಯುಎಸ್‌ಬಿ-ಸಿ ಮೂಲಕ ನೇರ ಎಸ್‌ಎಸ್‌ಡಿಗೆ ರೆಕಾರ್ಡ್ ಆಗುತ್ತದೆ. ಹೊಸದು ಕೊಂಡರೆ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಸ್ಟುಡಿಯೋದ ಲೈಸೆನ್ಸ್ ಜೊತೆಗೇ ಬರುತ್ತದೆ. ಕೊರತೆಗಳೂ ಇವೆ. ಬ್ಯಾಟರಿ ಬೇಗ ಮುಗಿಯುತ್ತದೆ, ಓಡಾಡುವ ಪಾತ್ರವನ್ನು ಹಿಂಬಾಲಿಸುವ ಆಟೋಫೋಕಸ್ ಇಲ್ಲ, ಒಳಗೆ ಎನ್‌ಡಿ (ಬೆಳಕು ತಗ್ಗಿಸುವ ಮಬ್ಬು ಗಾಜು) ಇಲ್ಲ, ಕೈ ಅಲುಗಾಟ ತಡೆಯುವ ಸ್ಟೆಬಿಲೈಸೇಷನ್ ಇಲ್ಲ, ಮಳೆಗೆ ರಕ್ಷಣೆಯೂ ಇಲ್ಲ. ಟ್ರೈಪಾಡ್ ಮೇಲೆ ಯೋಚಿಸಿ ತೆಗೆಯುವವರಿಗೆ ಹೊಂದುತ್ತದೆ. 2021ರ 6ಕೆ ಪ್ರೊನಲ್ಲಿ ಎನ್‌ಡಿ ಒಳಗೇ ಇದೆ, ನಮ್ಮ ಕಡಲತೀರಕ್ಕೆ ಅದೊಂದು ದೊಡ್ಡ ಉಪಕಾರ.

ಒಬ್ಬರೇ ಅಥವಾ ಇಬ್ಬರೇ ಓಡಾಡಿ ತೆಗೆಯುವುದಾದರೆ ಸೋನಿ ಎಫ್‌ಎಕ್ಸ್30 ಅಥವಾ ಎಫ್‌ಎಕ್ಸ್3 ನೋಡಿ. ಆಟೋಫೋಕಸ್ ನಂಬಬಹುದು, ಬಣ್ಣದ ವಿವರ ಹೆಚ್ಚು ಉಳಿಯುವ 10-ಬಿಟ್ 4:2:2 ರೆಕಾರ್ಡಿಂಗ್ ಇದೆ. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ, ಇವುಗಳಲ್ಲಿ ಚಿತ್ರ ಶುದ್ಧವಾಗಿ ಬರುವ ಎರಡು ಬೇಸ್ ಐಎಸ್‌ಒ ಇರುತ್ತದೆ: ಎಸ್-ಲಾಗ್3ರಲ್ಲಿ (ಲಾಗ್ ಅಂದರೆ ಆಮೇಲೆ ಬಣ್ಣ ತಿದ್ದಲೆಂದೇ ಮಂಕಾಗಿ ರೆಕಾರ್ಡ್ ಮಾಡುವುದು) ಎಫ್‌ಎಕ್ಸ್30ಕ್ಕೆ 800 ಮತ್ತು 2500, ಎಫ್‌ಎಕ್ಸ್3ಕ್ಕೆ 800 ಮತ್ತು 12800. ರಾತ್ರಿ ರಂಗಸ್ಥಳದಲ್ಲಿ ಬೆಳಕು ಸಾಲದೆ ಬಂದಾಗ ಈ 12800 ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ಒಮ್ಮೆ ನೋಡಿದವರಿಗೆ ಗೊತ್ತು. ಹಗಲು ಮಾತ್ರ ತೆಗೆಯುವ ಸಿನಿಮಾಕ್ಕೆ ಅಷ್ಟು ಖರ್ಚು ಬೇಡ, ಎಫ್‌ಎಕ್ಸ್30 ಸಾಕು. ಪ್ಯಾನಸೋನಿಕ್ ಎಸ್5 ಮಾರ್ಕ್ 2 ಕೂಡ ಈ ಸಾಲಿಗೇ ಸೇರುತ್ತದೆ.

ಫೋನ್? ಖಂಡಿತ ಆಗುತ್ತದೆ. ಐಫೋನ್ 15 ಪ್ರೊನಿಂದ ಲಾಗ್ ರೆಕಾರ್ಡಿಂಗ್ ಬಂದಿದೆ, ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ. ಫೋನಿನಲ್ಲಿ ತೆಗೆದು ಉಳಿದ ದುಡ್ಡನ್ನು ಸೌಂಡಿಗೆ ಹಾಕಿದ ಸಿನಿಮಾ, ದೊಡ್ಡ ಕ್ಯಾಮೆರಾದಲ್ಲಿ ತೆಗೆದು ಮಾತು ಕೇಳಿಸದ ಸಿನಿಮಾಕ್ಕಿಂತ ಸಾವಿರ ಪಾಲು ವಾಸಿ.

ಬಾಡಿಗೆಗೆ ತರುವುದಾದರೆ ಹುಬ್ಬಳ್ಳಿ, ಗೋವಾ, ಬೆಂಗಳೂರು ಮೂರೂ ಕಡೆ ವಿಚಾರಿಸಿ. ಬಾಡಿಗೆಯನ್ನು ಯಾವ ದಿನದಿಂದ ಯಾವ ದಿನಕ್ಕೆ ಲೆಕ್ಕ ಹಾಕುತ್ತಾರೆ, ಪ್ರಯಾಣದ ದಿನಕ್ಕೂ ಹಿಡಿಯುತ್ತಾರಾ ಅಂತ ಬರಹದಲ್ಲಿ ತೆಗೆದುಕೊಳ್ಳಿ.

4. ಕಡಲ ಬೆಳಕು, ತೋಟದ ನೆರಳು

ನಮ್ಮ ಜಿಲ್ಲೆಯ ನಿಜವಾದ ಕಷ್ಟ ಇಲ್ಲಿದೆ. ಬೆಳಿಗ್ಗೆ ತದಡಿಯಲ್ಲಿ ಕಣ್ಣು ಕುಕ್ಕುವ ಬಿಸಿಲು, ದೇವಿಮನೆ ಘಟ್ಟ ಹತ್ತಿ ಮಧ್ಯಾಹ್ನ ಶಿರಸಿ ಕಡೆ ಬಂದರೆ ತೋಟದೊಳಗೆ ಮಬ್ಬು.

ಕಡಲತೀರದ ಲೆಕ್ಕ ಹೀಗಿದೆ. ಪೂರ್ತಿ ಬಿಸಿಲಿನಲ್ಲಿ ಐಎಸ್‌ಒ 800 ಇದ್ದರೆ ಎಫ್16 ಅಪರ್ಚರ್‌ಗೆ ಶಟರ್ 1/800 ಬೇಕು. ನಿಮ್ಮ ಶಟರ್ 1/50, ಅಂದರೆ ಬೆಳಕು ನಾಲ್ಕು ಸ್ಟಾಪ್ ಜಾಸ್ತಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಅಪರ್ಚರ್ ಎಫ್4ಕ್ಕೆ ತೆರೆದರೆ ಇನ್ನೂ ನಾಲ್ಕು. ಒಟ್ಟು ಎಂಟು ಸ್ಟಾಪ್ ತಡೆಯಬೇಕು, ಅಂಗಡಿಯವರ ಭಾಷೆಯಲ್ಲಿ ಎನ್‌ಡಿ 2.4. ಮರಳು ಮತ್ತು ನೀರಿನ ಪ್ರತಿಫಲನ ಬೇರೆ. ಸಾಮಾನ್ಯವಾಗಿ ಸಿಗುವ ಐದು ಸ್ಟಾಪಿನ ವೇರಿಯಬಲ್ ಎನ್‌ಡಿ ಸಾಲುವುದಿಲ್ಲ, ಅದನ್ನು ಕೊನೆವರೆಗೆ ತಿರುಗಿಸಿದರೆ ಚಿತ್ರದ ಮೇಲೆ ಕಪ್ಪು ಅಡ್ಡಪಟ್ಟಿ ಬೀಳುತ್ತದೆ. ಗಟ್ಟಿ ಎನ್‌ಡಿ ಗಾಜು ತೆಗೆದುಕೊಳ್ಳಿ, ಅದೂ ಇನ್‌ಫ್ರಾರೆಡ್ ತಡೆಯುವಂಥದ್ದು. ಇಲ್ಲದಿದ್ದರೆ ಕಪ್ಪು ಬಟ್ಟೆ ಕಂದಾಗಿ ಕಾಣುತ್ತದೆ.

ತೋಟದಲ್ಲಿ ಎರಡು ತೊಂದರೆ. ಒಂದು, ಸೋಗೆಗಳ ನಡುವೆ ಇಳಿಯುವ ಬಿಸಿಲಿನ ಚುಕ್ಕೆಗಳು. ಮುಖದ ಅರ್ಧ ಉರಿಯುತ್ತದೆ, ಇನ್ನರ್ಧ ಕತ್ತಲೆ. ನಟರನ್ನು ಪೂರ್ತಿ ನೆರಳಿಗೆ ತನ್ನಿ, ಅಥವಾ ಅವರ ತಲೆಯ ಮೇಲೆ ತೆಳು ಬಿಳಿ ಬಟ್ಟೆ ಹಿಡಿಸಿ. ಇನ್ನೊಂದು, ಹಸಿರು. ಎಲೆಗಳಿಗೆ ತಾಗಿ ಬರುವ ಬೆಳಕು ಚರ್ಮವನ್ನು ಹಸಿರು ಮಾಡುತ್ತದೆ. ಒಂದು ಬದಿಗೆ ಬಿಳಿ ಥರ್ಮಾಕೋಲ್ ಹಿಡಿದು ಮುಖಕ್ಕೆ ಬೆಳಕು ಕೊಡಿ, ಬಿಳಿ ಸೀರೆ ಉಟ್ಟವರು ಹತ್ತಿರ ನಿಂತರೂ ಸಹಾಯ ಆಗುತ್ತದೆ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ. ಒಂದೇ ದೃಶ್ಯದಲ್ಲಿ ಅದು ಅಲೆದಾಡಿದರೆ ಆಮೇಲೆ ಸರಿ ಮಾಡುವುದು ಬಹಳ ಕಷ್ಟ.

ಎಕ್ಸ್‌ಪೋಷರ್‌ಗೆ ಪರದೆಯ ಹೊಳಪನ್ನು ನಂಬಬೇಡಿ, ಬಿಸಿಲಿನಲ್ಲಿ ಎಲ್ಲವೂ ಕತ್ತಲೆಯಾಗಿ ಕಾಣುತ್ತದೆ. ಬೆಳಕಿನ ಮಟ್ಟವನ್ನು ಬಣ್ಣದಲ್ಲಿ ತೋರಿಸುವ ಫಾಲ್ಸ್ ಕಲರ್ ಅಥವಾ ಗೆರೆಗಳಲ್ಲಿ ತೋರಿಸುವ ಝೀಬ್ರಾ ನೋಡಿ. ಎಸ್-ಲಾಗ್3ರಲ್ಲಿ ಬೂದು ಕಾರ್ಡ್ 41 ಶೇಕಡಾದಲ್ಲಿ ಕೂರುತ್ತದೆ. ನೆರಳಿನ ದೃಶ್ಯಕ್ಕೆ ಒಂದು ಸ್ಟಾಪ್ ಮೇಲೆ ಇಟ್ಟರೆ ನಾಯ್ಸ್ ಕಡಿಮೆ. ಯಕ್ಷಗಾನದಲ್ಲಿ ಇದರ ಉಲ್ಟಾ: ಕಿರೀಟದ ಹೊಳಪು, ಕೆಂಪು ಮುಂಡಾಸು ಮೊದಲು ಸುಟ್ಟುಹೋಗುತ್ತವೆ. ಅವನ್ನು ಉಳಿಸಿಕೊಂಡು ನೆರಳನ್ನು ಬಿಟ್ಟುಕೊಡಿ.

ಇನ್ನು ಉಪ್ಪು ಮತ್ತು ತೇವ. ಕಡಲತೀರದಲ್ಲಿ ಲೆನ್ಸ್ ಬದಲಿಸಬೇಡಿ, ಕಾರಿನೊಳಗೆ ಬದಲಿಸಿ. ಸಂಜೆ ಸಿಹಿನೀರಿನಲ್ಲಿ ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಿಂದ ಕ್ಯಾಮೆರಾದ ಹೊರಮೈ, ಟ್ರೈಪಾಡ್ ಕಾಲು ಎಲ್ಲ ಒರೆಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸನ್ನು ಬ್ಯಾಗಿನಲ್ಲಿ ಇಟ್ಟರೆ ಬೂಸ್ಟು ಗ್ಯಾರಂಟಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಸಣ್ಣದೊಂದು ತೇವಾಂಶ ಮೀಟರ್ ಇದ್ದರೆ ಸಾಕು. ಮೀಟರ್ 40ರಿಂದ 50ರ ನಡುವೆ ಇರಲಿ. ಎಸಿ ಕೋಣೆಯಿಂದ ನೇರ ಹೊರಗೆ ತಂದರೆ ಗಾಜಿನ ಮೇಲೆ ಮಂಜು ಕಟ್ಟುತ್ತದೆ, ಬ್ಯಾಗ್ ಮುಚ್ಚಿಯೇ ಸ್ವಲ್ಪ ಹೊತ್ತು ಹೊರಗಿಡಿ.

5. ಸೌಂಡ್

ಮಲೆನಾಡಿನ ಬೇಸಿಗೆಯಲ್ಲಿ ಜೀರುಂಡೆ, ಮಳೆಗಾಲದಲ್ಲಿ ತಗಡಿನ ಮಾಡು, ಬಂದರಿನಲ್ಲಿ ಡೀಸೆಲ್ ಎಂಜಿನ್. ಈ ಮೂರನ್ನೂ ಎಡಿಟಿಂಗ್‌ನಲ್ಲಿ ತೆಗೆಯುತ್ತೇವೆ ಅಂದುಕೊಳ್ಳಬೇಡಿ. ಜೀರುಂಡೆಯ ಸದ್ದು ಇರುವುದು ಮಾತಿನ ಸ್ಪಷ್ಟತೆ ಇರುವ ಜಾಗದಲ್ಲೇ. ಅದನ್ನು ಕತ್ತರಿಸಿದರೆ ಸ, ಶ, ಚ ಎಲ್ಲ ಜೊತೆಗೆ ಹೋಗುತ್ತವೆ. ಉಪಾಯ ಒಂದೇ, ಮೈಕ್ ಬಾಯಿಗೆ ಹತ್ತಿರ ತನ್ನಿ. ಬೂಮ್ (ಕೋಲಿಗೆ ಕಟ್ಟಿದ ಮೈಕ್) ಎರಡು ಅಡಿ ಒಳಗೆ, ಜೊತೆಗೆ ಅಂಗಿಯೊಳಗೆ ಒಂದು ಲೇಪಲ್ ಮೈಕ್. ಕಡಲ ಗಾಳಿಗೆ ರೋಮದ ಹೊದಿಕೆ ಇಲ್ಲದ ಮೈಕ್ ಹೊರಗೆ ತೆಗೆಯಲೇ ಬೇಡಿ. ಮನೆಯ ದೃಶ್ಯಕ್ಕೆ ತಗಡಿನ ಮನೆಗಿಂತ ಹಂಚಿನ ಮನೆ ಆರಿಸಿಕೊಳ್ಳಿ.

ಯಕ್ಷಗಾನಕ್ಕೆ 32-ಬಿಟ್ ಫ್ಲೋಟ್ ರೆಕಾರ್ಡರ್ ತನ್ನಿ. ಝೂಮ್ ಎಫ್3 ಸಣ್ಣದು, ಸಾಕಾಗುತ್ತದೆ. ಭಾಗವತರ ಮೆಲುದನಿಯ ಪದ್ಯದಿಂದ ಚಂಡೆಯ ಹೊಡೆತಕ್ಕೆ ಒಂದೇ ಕ್ಷಣದಲ್ಲಿ ಏರುವ ಸದ್ದನ್ನು ಕೈಯಲ್ಲಿ ಲೆವೆಲ್ ತಿರುಗಿಸುತ್ತಾ ಹಿಡಿಯಲು ಯಾರಿಂದಲೂ ಆಗುವುದಿಲ್ಲ, 32-ಬಿಟ್‌ನಲ್ಲಿ ಆಮೇಲೆ ತಗ್ಗಿಸಿಕೊಳ್ಳಬಹುದು. ಆದರೆ ಮೈಕೇ ಒಡೆದರೆ ಯಾವ ರೆಕಾರ್ಡರ್ ಏನೂ ಮಾಡುವುದಿಲ್ಲ, ಚಂಡೆಯಿಂದ ದೂರ ಇಡಿ. ಎಲ್ಲವನ್ನೂ 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ. ಪ್ರತಿ ಶಾಟ್‌ಗೆ ಕ್ಲಾಪ್ ಹೊಡೆಯಿರಿ. ಪ್ರತಿ ಜಾಗದಲ್ಲೂ ಎಲ್ಲರೂ ಬಾಯಿ ಮುಚ್ಚಿ ಒಂದು ನಿಮಿಷ ಬರೀ ಜಾಗದ ಸದ್ದು ತೆಗೆದುಕೊಳ್ಳಿ.

6. ಡೇಟಾ

ಕಾರ್ಡ್ ಎಷ್ಟು ಬೇಕು ಅಂತ ಅಂದಾಜು ಹೊಡೆಯಬೇಡಿ, ಲೆಕ್ಕ ಹಾಕಿ. ಪಾಕೆಟ್ 4ಕೆಯಲ್ಲಿ 8:1 ಬ್ಲ್ಯಾಕ್‌ಮ್ಯಾಜಿಕ್ ರಾ, 24 ಫ್ರೇಮ್: ಸೆಕೆಂಡಿಗೆ ಸುಮಾರು 40 ಎಂಬಿ, ಗಂಟೆಗೆ ಸುಮಾರು 145 ಜಿಬಿ. ಸೋನಿಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್‌ನ ಫೈಲ್ ಆದರೆ ಗಂಟೆಗೆ 45 ಜಿಬಿ. ನಮ್ಮ 20 ನಿಮಿಷದ ಚಿತ್ರಕ್ಕೆ ಹತ್ತು ಪಟ್ಟು ತೆಗೆದರೆ 200 ನಿಮಿಷ ಫುಟೇಜ್. ರಾ ಆದರೆ 500 ಜಿಬಿ ಹತ್ತಿರ, ಸೋನಿ ಆದರೆ 150. ಇದು ಒಂದು ಪ್ರತಿಗೆ. ಮೂರು ಪ್ರತಿ ಬೇಕು.

ಪ್ರತಿ ಸಂಜೆಯ ಕೆಲಸ ಹೀಗೆ. ರಿಸಾಲ್ವ್‌ನ ಮೀಡಿಯಾ ಪುಟದಲ್ಲಿ ಕ್ಲೋನ್ ಟೂಲ್ ಇದೆ, ಅದು ಕಾಪಿ ಮಾಡಿ, ಎರಡೂ ಒಂದೇ ಇವೆಯಾ ಅಂತ ಚೆಕ್‌ಸಮ್ ಹೋಲಿಸಿ ನೋಡುತ್ತದೆ. ಎಳೆದು ಬಿಡುವ ಕಾಪಿಗಿಂತ ಇದು ಭದ್ರ. ಎರಡು ಡಿಸ್ಕಿಗೆ ಹೋದ ಮೇಲೆ, ಕೆಲವು ಕ್ಲಿಪ್ ತೆರೆದು ನೋಡಿದ ಮೇಲೆ ಮಾತ್ರ ಕಾರ್ಡ್ ಫಾರ್ಮ್ಯಾಟ್. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲು ಬರುವುದಿಲ್ಲ, ಲ್ಯಾಪ್‌ಟಾಪ್ ಚಾರ್ಜ್ ತುಂಬಿಸಿಕೊಂಡು, ಯುಎಸ್‌ಬಿಯಿಂದಲೇ ಓಡುವ ಡಿಸ್ಕಿಗೆ ಕಾಪಿ ಮಾಡಿ. ಘಟ್ಟದ ಮೇಲಿನ ಹಳ್ಳಿಗಳಿಂದ ಇಷ್ಟು ಡೇಟಾ ಅಪ್‌ಲೋಡ್ ಮಾಡುವ ಆಸೆ ಬೇಡ. ಬೆಂಗಳೂರಿನ ಎಡಿಟರ್‌ಗೆ ಡಿಸ್ಕ್ ಕಳಿಸುವುದಾದರೆ ರಾತ್ರಿ ಬಸ್ಸೇ ಗತಿ. ಎರಡು ಪ್ರತಿಯನ್ನು ಒಂದೇ ಬಸ್ಸಿನಲ್ಲಿ ಹಾಕಬೇಡಿ.

7. ಎಡಿಟಿಂಗ್

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಪೂರ್ತಿ ಸಿನಿಮಾ ಮುಗಿಸಬಹುದು. ಎಡಿಟಿಂಗ್, ಕಲರ್, ಸೌಂಡ್ ಮೂರೂ ಒಂದೇ ಕಡೆ. ಔಟ್‌ಪುಟ್ 3840 × 2160ವರೆಗೆ, ಅಂದರೆ ನಮ್ಮ ಡಿಸಿಪಿಗೆ ಎರಡರಷ್ಟು. ದುಡ್ಡು ಕೊಟ್ಟ ಸ್ಟುಡಿಯೋದಲ್ಲಿ ಜಾಸ್ತಿ ಸಿಗುವ ಮುಖ್ಯ ವಸ್ತು ನಾಯ್ಸ್ ರಿಡಕ್ಷನ್. ರಾತ್ರಿ ದೃಶ್ಯ ಬಹಳ ಇದ್ದರೆ ಅದಕ್ಕೆ ಬೆಲೆ ಇದೆ. ಒಂದು ಎಚ್ಚರ: ವಿಂಡೋಸ್‌ನ ಉಚಿತ ಆವೃತ್ತಿಯಲ್ಲಿ ಸೋನಿಯಂಥ ಕ್ಯಾಮೆರಾಗಳ 10-ಬಿಟ್ 4:2:2 ಫೈಲುಗಳು ತಕರಾರು ಮಾಡುತ್ತವೆ. ಶಟರ್ ಎನ್‌ಕೋಡರ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಅವನ್ನು ಎಡಿಟಿಂಗ್‌ಗೆ ಒಗ್ಗುವ ಡಿಎನ್‌ಎಕ್ಸ್‌ಎಚ್‌ಆರ್ ಫೈಲಿಗೆ ಬದಲಿಸಿಕೊಳ್ಳಬೇಕಾಗುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ರಾಗೆ ಈ ರಗಳೆ ಇಲ್ಲ. ಎರಡು ನಿಮಿಷದ ಪರೀಕ್ಷೆ ಹಿಡಿದುಕೊಡುವುದು ಇಂಥದ್ದನ್ನೇ.

ಫೈಲ್ ಒಳಗೆ ತರುವ ಮೊದಲು ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ರೇಟ್ 24 ಮಾಡಿ, ಆಮೇಲೆ ಬದಲಿಸಲು ಬಿಡುವುದಿಲ್ಲ. ಕಂಪ್ಯೂಟರ್ ತಡವರಿಸಿದರೆ ಕಾಲು ಅಳತೆಯ ಪ್ರಾಕ್ಸಿ (ಹಗುರ ನಕಲು) ಮಾಡಿಕೊಂಡು ಆರಾಮಾಗಿ ಕತ್ತರಿಸಿ.

8. ಕಲರ್

ಲಾಗ್ ಫುಟೇಜ್ ಬೂದಿಯಾಗಿ ಕಾಣುತ್ತದೆ ಅಂತ ಯಾವುದೋ ಎಲ್‌ಯುಟಿ (ಸಿದ್ಧ ಬಣ್ಣದ ಫೈಲ್) ಡೌನ್‌ಲೋಡ್ ಮಾಡಿ ಮೇಲೆ ಹಾಕಬೇಡಿ. ರಿಸಾಲ್ವ್‌ನಲ್ಲಿ ಬಣ್ಣ ತಿದ್ದುವ ಒಂದೊಂದು ಹೆಜ್ಜೆಯೂ ಒಂದು ನೋಡ್. ಮೊದಲ ನೋಡ್‌ನಲ್ಲಿ ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್ ಹಾಕಿ ಕ್ಯಾಮೆರಾದ ಲಾಗ್‌ನಿಂದ ಡಾವಿಂಚಿ ವೈಡ್ ಗ್ಯಾಮಟ್‌ಗೆ ತನ್ನಿ. ಕೊನೆಯ ನೋಡ್‌ನಲ್ಲಿ ಇನ್ನೊಂದು ಹಾಕಿ ಅಲ್ಲಿಂದ ಸಾಮಾನ್ಯ ಟಿವಿ ಪರದೆಯ ಬಣ್ಣವಾದ ರೆಕ್.709ಕ್ಕೆ. ನಿಮ್ಮ ಕೆಲಸವೆಲ್ಲ ಈ ಎರಡರ ನಡುವೆ. ಮೊದಲು ಬೆಳಕು ಮತ್ತು ವೈಟ್ ಬ್ಯಾಲೆನ್ಸ್ ಸರಿ ಮಾಡಿ, ಒಂದು ಶಾಟ್ ಇನ್ನೊಂದಕ್ಕೆ ಹೊಂದಿಸಿ, ಆಮೇಲೆ ಬಣ್ಣದ ರುಚಿ.

ಮಳೆಗಾಲದ ನಮ್ಮ ಹಸಿರು ಪರದೆಯಲ್ಲಿ ಪ್ಲಾಸ್ಟಿಕ್ ಥರ ಕಾಣುವುದು ಸಾಮಾನ್ಯ. ಗದ್ದೆಯ ಹಸಿರು, ಅಡಿಕೆಯ ಹಸಿರು, ಪಾಚಿಯ ಹಸಿರು ಬೇರೆ ಬೇರೆ ಅಲ್ವಾ? ಕ್ಯಾಮೆರಾ ಎಲ್ಲವನ್ನೂ ಒಂದೇ ಮಾಡಿಬಿಡುತ್ತದೆ. ಹ್ಯೂ ವರ್ಸಸ್ ಸ್ಯಾಚುರೇಷನ್‌ನಲ್ಲಿ ಹಸಿರನ್ನು ಸ್ವಲ್ಪ ಇಳಿಸಿ, ಹ್ಯೂ ವರ್ಸಸ್ ಲ್ಯೂಮ್‌ನಲ್ಲಿ ಸ್ವಲ್ಪ ಕತ್ತಲೆ ಮಾಡಿ. ಮುಖಗಳು ತಾನಾಗಿ ಮುಂದೆ ಬರುತ್ತವೆ. ಚರ್ಮಕ್ಕೆ ಹತ್ತಿದ ಹಸಿರನ್ನು ಟಿಂಟ್‌ನಲ್ಲಿ ಮೆಜೆಂಟಾ ಕಡೆ ತಿರುಗಿಸಿ ತೆಗೆಯಿರಿ. ಎಣ್ಣೆಗಪ್ಪು ಮುಖವನ್ನು ಬೆಳ್ಳಗೆ ಮಾಡಬೇಡಿ, ದಯವಿಟ್ಟು. ಕಡಲಿನಲ್ಲಿ ದುಡಿದವರ ಮೈಬಣ್ಣ ಹೇಗಿದೆಯೋ ಹಾಗೇ ಚೆಂದ, ಅದು ಹಾಗೆ ಕಾಣುವಂತೆ ಮಾಡುವುದೇ ಗ್ರೇಡಿಂಗ್.

9. ಅಕ್ಷರ ಮತ್ತು ಮಿಕ್ಸಿಂಗ್

ಕೊಂಕಣಿ ಅಥವಾ ಹವ್ಯಕ ಮಾತು ಇದ್ದರೆ ಸಬ್‌ಟೈಟಲ್ ಬೇಕೇ ಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ ಬೇರೆ ಕಂಪ್ಯೂಟರಿನಲ್ಲಿ ಕಲಸುಮೇಲೋಗರ ಆಗುತ್ತದೆ, ಯುನಿಕೋಡ್‌ನಲ್ಲೇ ಬರೆಯಿರಿ. ಟೈಟಲ್ ಕಾರ್ಡಿನಲ್ಲಿ ಒತ್ತಕ್ಷರ ಒಡೆದು ಬಂದರೆ ಇಂಕ್‌ಸ್ಕೇಪ್‌ನಲ್ಲಿ ಬರೆದು ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ ಟೈಮ್‌ಲೈನಿಗೆ ಹಾಕಿ. ಕಲಾವಿದರ ಹೆಸರು ಪರದೆಯ ಮೇಲೆ ತಪ್ಪಾಗಿ ಬರಬಾರದು.

ಥಿಯೇಟರಿಗೆ ಮಿಕ್ಸ್ ಮಾಡುವಾಗ ಮಾತು ಮಧ್ಯದ ಚಾನೆಲ್‌ನಲ್ಲಿ ಇರಬೇಕು. ಬರೀ ಎಡ-ಬಲ ಸ್ಟೀರಿಯೋ ಕೊಟ್ಟರೆ ಬದಿಯ ಸೀಟಿನವರಿಗೆ ಮಾತು ಗೋಡೆಯಿಂದ ಬಂದ ಹಾಗೆ ಕೇಳುತ್ತದೆ. ಎಡಿಟ್, ಕಲರ್ ಮನೆಯಲ್ಲಿ ಆಗಲಿ, 5.1 (ಆರು ಚಾನೆಲ್) ಮಿಕ್ಸಿಂಗ್‌ಗೆ ಮಾತ್ರ ಒಂದು ದಿನ ಒಳ್ಳೆಯ ಸ್ಟುಡಿಯೋ ಬುಕ್ ಮಾಡಿ. ಇಡೀ ಬಜೆಟ್‌ನಲ್ಲಿ ನಾನು ಬಿಡಲು ಒಪ್ಪದ ಖರ್ಚು ಇದೊಂದೇ.

10. ಡಿಸಿಪಿ

ರಿಸಾಲ್ವ್‌ನಿಂದ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯೂಎಕ್ಸ್ 10-ಬಿಟ್ ಫೈಲ್ ತೆಗೆಯಿರಿ. ಡಿಸಿಪಿ-ಒ-ಮ್ಯಾಟಿಕ್ ಉಚಿತ. ಅದರೊಳಗೆ ಫೈಲ್ ಹಾಕಿ, ಫ್ಲ್ಯಾಟ್ ಅಥವಾ ಸ್ಕೋಪ್ ಆರಿಸಿ, 2ಕೆ, 24 ಫ್ರೇಮ್. ಅದು ಚಿತ್ರವನ್ನು ಜೆಪೆಗ್ 2000 ಆಗಿ, ಬಣ್ಣವನ್ನು ಥಿಯೇಟರಿನ ಎಕ್ಸ್‌ವೈಝಡ್‌ಗೆ ತಾನೇ ಬದಲಿಸುತ್ತದೆ. ಗರಿಷ್ಠ ಮಿತಿ ಸೆಕೆಂಡಿಗೆ 250 ಮೆಗಾಬಿಟ್, ಹಾಗಾಗಿ 20 ನಿಮಿಷದ ಚಿತ್ರ ಎಷ್ಟೇ ಅಂದರೂ 40 ಜಿಬಿ ಒಳಗೆ. ಎನ್‌ಕ್ರಿಪ್ಷನ್ ಹಾಕಬೇಡಿ. ಹಾಕಿದರೆ ಪ್ರತಿ ಥಿಯೇಟರಿಗೂ ಬೇರೆ ಕೀ ಕಳಿಸುತ್ತಾ ಕೂರಬೇಕು. ಡಿಸ್ಕ್ ಎಕ್ಸ್ಟ್2 ಅಥವಾ ಎಕ್ಸ್ಟ್3ರಲ್ಲಿ ಫಾರ್ಮ್ಯಾಟ್ ಆಗಿದ್ದರೆ ಸರ್ವರ್‌ಗಳು ಒಪ್ಪುತ್ತವೆ. ಅದನ್ನು ಬರೆದುಕೊಡುವ ಸಾಧನವೂ ಡಿಸಿಪಿ-ಒ-ಮ್ಯಾಟಿಕ್ ಜೊತೆಗಿದೆ.

ಊರಿನ ಥಿಯೇಟರಿನಲ್ಲಿ ಪರೀಕ್ಷೆ ಮಾಡಬೇಕು ಅಂದರೆ ಮೊದಲು ಪ್ರೊಜೆಕ್ಷನ್ ನೋಡಿಕೊಳ್ಳುವವರ ಜೊತೆ ಮಾತಾಡಿ, ಅವರಲ್ಲಿ ಯಾವ ಸರ್ವರ್ ಇದೆ, ಹೊರಗಿನ ಡಿಸಿಪಿ ತಗೊಳ್ಳುತ್ತದಾ ಕೇಳಿ. ಎಲ್ಲ ಸಿಂಗಲ್ ಸ್ಕ್ರೀನ್‌ಗಳಲ್ಲೂ ಆಗುವುದಿಲ್ಲ. ಆಗುವ ಕಡೆ, ಬೆಳಗಿನ ಆಟಕ್ಕೆ ಮೊದಲು ಹತ್ತು ನಿಮಿಷ ಕೊಡುತ್ತಾರಾ ನೋಡಿ. ಪರದೆಯ ಅಂಚು ಕತ್ತರಿಸುತ್ತಿದೆಯಾ, ಮಾತು ಮಧ್ಯದಿಂದ ಬರುತ್ತಿದೆಯಾ, ಕತ್ತಲ ದೃಶ್ಯದಲ್ಲಿ ಮುಖ ಕಾಣುತ್ತಿದೆಯಾ, ಅಷ್ಟು ನೋಡಿದರೆ ಸಾಕು. ವಾಲ್ಯೂಮ್ ಎಷ್ಟಕ್ಕೆ ಇಟ್ಟಿದ್ದಾರೆ ಅಂತಲೂ ಬರೆದುಕೊಳ್ಳಿ. ಡಾಲ್ಬಿ ಅಳತೆಯಲ್ಲಿ 7 ಅಂದರೆ ಸ್ಟುಡಿಯೋದಲ್ಲಿ ಮಿಕ್ಸ್ ಮಾಡಿದ ಮಟ್ಟ, ಬಹಳ ಕಡೆ ಅದಕ್ಕಿಂತ ಕೆಳಗೆ ಓಡಿಸುತ್ತಾರೆ. ನಿಮ್ಮ ಪ್ರದರ್ಶನದ ದಿನ ಅರ್ಧ ಗಂಟೆ ಮೊದಲೇ ಹೋಗಿ ಆ ಅಂಕಿಯನ್ನು ಅವರಿಗೆ ಹೇಳಿ.